ದೇವರ ಗೂಡಿನಲ್ಲಿಟ್ಟ ಹೊಳೆ ನೀರು

ನಮ್ಮ ಮನೆಯಲ್ಲಿ ಅರಗಿನ ಮುದ್ರೆ ಹಾಕಿದ ವಸ್ತು ಅಂತ ಇದ್ದದ್ದು ಒಂದೇ. ಅತ್ತೆ ಕಾಶಿಗೆ ಹೋಗಿದ್ದಾಗ ತಂದ ಗಂಗೆಯ ಗಿಂಡಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ತಾಮ್ರದ್ದು, ಮೂತಿಗೆ ಕೆಂಪು ಅರಗು, ಮೈಗೆ ಅಲ್ಲಿನ ಪುರೋಹಿತರ ಚೀಟಿ. ಎರಡು ತಂದಿದ್ದರು. ಒಂದನ್ನು ಅವರೇ ಹೋಗುವ ಹೊತ್ತಿನಲ್ಲಿ ಒಡೆದು ಬಾಯಿಗೆ ಬಿಟ್ಟೆವು. ಇನ್ನೊಂದು ದೇವರ ಗೂಡಿನಲ್ಲಿ ಹಾಗೇ ಉಳಿದಿತ್ತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ತೊಂಬತ್ತರ ದಶಕದ ಕೊನೆಗೆ ಒಂದು ಸಂಕ್ರಾಂತಿಯ ದಿನ ನಾನು ಒಂದು ಅರಗು ಒಡೆದೆ. ಒಳಗಿದ್ದದ್ದು ತೀರ್ಥ ಅಂದುಕೊಂಡಿದ್ದೆ. ಅದು ಹೈಕೋರ್ಟಿಗೆ ಹೋಗಬೇಕಾಗಿದ್ದ ಸಾಕ್ಷಿ. ನನ್ನ ಭಕ್ತಿಯಿಂದ ಕಾಡಂಚಿನ ಒಂದು ಹಾಡಿಯ ಜನ ಇನ್ನೊಂದು ವರ್ಷ ಕೆಟ್ಟ ನೀರು ಕುಡಿಯಬೇಕಾಗಿ ಬರುವುದರಲ್ಲಿತ್ತು.

ಆಗ ನಾವು ಹಲಸೂರಿನ ಹತ್ತಿರ ಜೋಗುಪಾಳ್ಯದಲ್ಲಿದ್ದೆವು. ಕೆಳಗೆ ಎರಡು ಕೋಣೆಯ ನಮ್ಮ ಮನೆ, ಮೇಲೆ ತಾರಸಿಯಲ್ಲಿ ಒಂದೇ ಕೋಣೆ. ಬೀದಿ ಎಷ್ಟು ಕಿರಿದು ಅಂದರೆ ಎದುರು ಮನೆಯ ತಮಿಳಮ್ಮ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಸೀನು. ಯಜಮಾನರು ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದರು. ಪಾರ್ಸಲ್ ಕಟ್ಟಿಸಿ ಮುದ್ರೆ ಹಾಕಿಸಿ ಕಳಿಸುವ ಕೆಲಸ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಮೊದಲು ನಲ್ಲಿ ಬಿಟ್ಟವರು "ಕಾವೇರಿ ಬಂದ್ಳು" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು, ಮನೆಮಗಳು ಬಸ್ಸಿಳಿದು ಬಂದಳೇನೋ ಅನ್ನುವ ಹಾಗೆ.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ಅಭ್ಯಾಸ. ನೀರು ಬಂತು, ಒಂದು. ಹಾಲು ಒಡೆಯಲಿಲ್ಲ, ಎರಡು. ಯಜಮಾನರು ಮುಖ ಗಂಟಿಕ್ಕಿಕೊಳ್ಳದೆ ಮನೆಗೆ ಬಂದರು, ಮೂರು. ದೊಡ್ಡದೇನೂ ಕೇಳುವವಳಲ್ಲ ನಾನು. ಸಿಕ್ಕಿದ್ದನ್ನು ಮರೆಯಬಾರದು, ಅಷ್ಟೆ.

ಮೇಲಿನ ಕೋಣೆಗೆ ಒಬ್ಬಳು ವಕೀಲೆ ಬಾಡಿಗೆಗೆ ಬಂದಿದ್ದಳು. ಮೈಸೂರಿನ ಹುಡುಗಿ. ಇಪ್ಪತ್ತೆಂಟು ಇಪ್ಪತ್ತೊಂಬತ್ತು ಇರಬಹುದು. ಅವಳಿಗೆ ನಾನು ಆಂಟಿ, ನನಗೆ ಅವಳು ಲಾಯರಮ್ಮ. ಬೆಳಿಗ್ಗೆ ಕಪ್ಪು ಕೋಟು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು, ನನ್ನ ಅಡುಗೆಮನೆ ಬಾಗಿಲಲ್ಲೇ ನಿಂತು ಒಂದು ಲೋಟ ಕಾಫಿ ಕುಡಿದು, ಶಿವಾಜಿನಗರದ ಬಸ್ಸಿಗೆ ಓಡುವಳು. ಕೊಡಗಿನ ಕಡೆಯ ಜೇನು ಕುರುಬರದು ಒಂದು ಕೇಸು ನಡೆಸುತ್ತಿದ್ದೇನೆ, ಒಂದು ಎಸ್ಟೇಟಿನ ಮೇಲೆ, ಅಂತ ಒಂದೆರಡು ಸಲ ಹೇಳಿದ್ದಳು. ನಾನು ಜಮೀನಿನ ತಕರಾರು ಅಂದುಕೊಂಡೆ. ನಮಗೆ ಗೊತ್ತಿದ್ದ ಕೇಸುಗಳೆಲ್ಲ ಜಮೀನಿನವೇ, ಸೈಟಿನವೇ.

ಹಬ್ಬಕ್ಕೆ ಅವಳು ತಾಯಿಯ ಮನೆಗೆ ಹೊರಟಳು. ಆಟೋದಲ್ಲಿ ಕೂತವಳು ತಲೆ ಹೊರಗೆ ಹಾಕಿ, "ಆಂಟಿ, ಸಾಯಂಕಾಲ ಹಾಡಿಯಿಂದ ಒಬ್ರು ಅಜ್ಜಿ, ಅವರ ಮಗಳು ಬರ್ತಾರೆ. ಕೋಣೆ ಬೀಗದಕೈ ಕೊಡಿ. ಒಂದು ಕ್ಯಾನ್ ತರ್ತಾರೆ, ನಿಮ್ಮ ಫ್ರಿಜ್ಜಲ್ಲಿ ಜೋಪಾನವಾಗಿ ಇಟ್ಟಿರಿ. ನಾಳೆ ಸಾಯಂಕಾಲ ಬಂದ್ಬಿಡ್ತೀನಿ" ಅಂದಳು. ಆಟೋ ಹೊರಟುಹೋಯಿತು. ಜೇನು ಕುರುಬರು ತರುವುದು ಅಂದರೆ ಜೇನುತುಪ್ಪವೇ ಇರಬೇಕು ಅಂದುಕೊಂಡೆ.

ಅವರು ಬಂದಾಗ ನಾನು ಹೊಸಲಿಗೆ ದೀಪ ಇಡುತ್ತಿದ್ದೆ. ಅಜ್ಜಿ ಕುಳ್ಳಗೆ, ಒಣಗಿದ ಮೈ, ಬಾಯಿ ತುಂಬ ಎಲೆಅಡಿಕೆ. ಮಗಳಿಗೆ ನಲವತ್ತರ ಹತ್ತಿರ. ಇಡೀ ದಿನ ಬಸ್ಸಿನಲ್ಲಿ ಕೂತು ಬಂದಿದ್ದರು. ಮಗಳು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಮುಚ್ಚಳದ ಸುತ್ತ ದಾರ, ದಾರದ ಗಂಟಿನ ಮೇಲೆ ಕೆಂಪು ಅರಗು. ಮೈಗೆ ಒಂದು ಚೀಟಿ, ಅದರ ತುಂಬ ಇಂಗ್ಲಿಷಿನಲ್ಲಿ ಸಹಿಗಳು.

"ಏನಜ್ಜಿ ಇದು?"

"ನಮ್ಮ ಹೊಳೆ ನೀರವ್ವಾ."

"ಕಾವೇರಿಗೆ ಸೇರುತ್ತಾ ನಿಮ್ಮ ಹೊಳೆ?"

"ಸೇರ್ತದೆ. ಎಲ್ಲಿಗೆ ಹೋದಾತು ಮತ್ತೆ?"

ಮಗಳು, "ತಣ್ಣಗಿರೋ ಪೆಟ್ಟಿಗೇಲಿ ಇಡಬೇಕಂತೆ ಅಕ್ಕಾ" ಅಂದಳು. ಅಷ್ಟೇ ಮಾತು. ಕಾಫಿ ಕೊಟ್ಟೆ. ಅಜ್ಜಿ ಲೋಟದೊಳಗೆ ಒಂದು ಸಲ ಇಣುಕಿ ನೋಡಿ, ಒಂದೇ ಗುಟುಕಿಗೆ ಕುಡಿದಳು. ಇಬ್ಬರೂ ಮೇಲೆ ಹೋಗಿ ಮಲಗಿಬಿಟ್ಟರು.

ನಾನು ಕ್ಯಾನನ್ನು ಫ್ರಿಜ್ಜಿಗೆ ಇಟ್ಟೆ. ಇಟ್ಟು ಬಾಗಿಲು ಹಾಕಿದವಳಿಗೆ ಸಮಾಧಾನವಾಗಲಿಲ್ಲ. ಮತ್ತೆ ತೆಗೆದು ನೋಡಿದೆ. ಪಕ್ಕದಲ್ಲೇ ನಿನ್ನೆಯ ಈರುಳ್ಳಿ ಸಾಂಬಾರಿನ ಪಾತ್ರೆ, ಕೆಳಗೆ ಯಜಮಾನರು ತಿಂದು ಉಳಿಸಿದ ಪಲ್ಯ. ಅರಗು ಹಾಕಿದ ನೀರು, ಕಾವೇರಿಯ ನೀರು, ಹಬ್ಬದ ಮುನ್ನಾದಿನ ಮನೆಗೆ ಬಂದದ್ದು. ನಮ್ಮ ಬೀದಿಯ ಒಬ್ಬರು ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದು ಮನೆಮನೆಗೂ ಹಂಚುತ್ತಿದ್ದರು. ಗಂಗೆಯಾದರೆ ಕಾದಿಡಬೇಕು, ಕಾವೇರಿಯಾದರೆ ಹಬ್ಬದ ದಿನ ಹಂಚಬೇಕು. ನಮ್ಮಲ್ಲಿ ಹಾಗೇ ನಡೆದುಕೊಂಡು ಬಂದಿತ್ತು. ಅಂಥದ್ದನ್ನು ಮುಸುರೆಯ ಪಕ್ಕ ಇಡುವುದು ಹೇಗೆ? ಲಾಯರಮ್ಮನಿಗೆ ಇದೆಲ್ಲ ತಿಳಿಯುವುದಿಲ್ಲ, ಹುಡುಗಿ, ಅಂದುಕೊಂಡು ಕ್ಯಾನನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ದೇವರ ಗೂಡಿನಲ್ಲಿ ಗಂಗೆಯ ಗಿಂಡಿಯ ಪಕ್ಕದಲ್ಲಿ ಕೂರಿಸಿದೆ. ಆ ಸಂಜೆ ಎಣಿಸುವಾಗ ಅದೇ ಮೊದಲನೆಯದು. ಕೇಳದೆ ಕಾವೇರಿ ಮನೆಗೆ ಬಂದಳು.

ಬೆಳಿಗ್ಗೆ ತಲೆಗೆ ಎರೆದುಕೊಂಡು, ಎಳ್ಳುಬೆಲ್ಲ ನೈವೇದ್ಯಕ್ಕಿಟ್ಟು, ಚಾಕುವಿನ ತುದಿಯಿಂದ ಅರಗು ಒಡೆದೆ. ನೀರು ಕಂದು ಬಣ್ಣಕ್ಕಿತ್ತು. ಮಳೆ ಬಂದಾಗ ಕಾವೇರಿಯೂ ಕೆಂಪಗೇ ಹರಿಯುತ್ತಾಳಲ್ಲ ಅಂದುಕೊಂಡೆ. ಬೆಳ್ಳಿ ಬಟ್ಟಲಿಗೆ ಸ್ವಲ್ಪ ಬಗ್ಗಿಸಿ ತುಳಸಿ, ಪಚ್ಚಕರ್ಪೂರ ಹಾಕಿದೆ. ಊದುಬತ್ತಿಯ ಹೊಗೆಯಲ್ಲಿ ಬೇರೆ ವಾಸನೆ ಗೊತ್ತಾಗಲಿಲ್ಲ. ಮಂಗಳಾರತಿ ಮಾಡಿ ಒಂದು ಉದ್ಧರಣೆ ಬಾಯಿಗೆ ಹಾಕಿಕೊಂಡೆ. ಹುಳಿ. ಹುಳಿಯ ಹಿಂದೆ ಏನೋ ಕೊಳೆತ ರುಚಿ. ತೀರ್ಥವನ್ನು ಉಗಿಯುವಂತಿಲ್ಲ. ಕಣ್ಣು ಮುಚ್ಚಿ ನುಂಗಿದೆ. ಪ್ಲಾಸ್ಟಿಕ್ಕಿನಲ್ಲಿದ್ದು ಹೀಗಾಗಿರಬೇಕು ಅಂದುಕೊಂಡೆ. ತಂದವರಿಗೆ ಮೊದಲು ಕೊಡೋಣ ಅಂತ ಬಟ್ಟಲು, ಎಳ್ಳುಬೆಲ್ಲ ಹಿಡಿದು ಮೇಲೆ ಹೋದೆ.

ಅಜ್ಜಿ ತಾರಸಿಯಲ್ಲಿ ಬಿಸಿಲಿಗೆ ಕೂತಿದ್ದಳು.

"ತೊಗೊಳಿ ಅಜ್ಜಿ, ನಿಮ್ಮೂರಿನ ತೀರ್ಥ."

ಅಜ್ಜಿ ಅಂಗೈ ಒಡ್ಡಿದಳು. ನೀರು ಬಿದ್ದ ತಕ್ಷಣ ಮೂಗಿನ ಹತ್ತಿರ ತಂದು, ನನ್ನ ಮುಖ ನೋಡಿದಳು.

"ಯಾವ ನೀರವ್ವಾ ಇದು?"

"ನೀವು ತಂದದ್ದೇ. ಕ್ಯಾನಿಂದು."

ಬಟ್ಟೆ ಒಣಗಿಹಾಕುತ್ತಿದ್ದ ಮಗಳು ಒದ್ದೆ ಸೀರೆಯನ್ನು ಹಾಗೇ ಬಿಟ್ಟು ಬಂದಳು. "ಅಕ್ಕಾ, ಅರಗು ಒಡೆದ್ರಾ?"

"ಹಬ್ಬ ಅಲ್ವಾ, ಅದಕ್ಕೆ..."

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಒಡೆದೇಬಿಟ್ರಾ" ಅಂತ ಇನ್ನೊಂದು ಸಲ ಅಂದಳು. ಆಮೇಲೆ ಹೇಳಿದಳು. ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದುಕೊಂಡೇ ಕೇಳಿದೆ.

ಹಾಡಿಯ ಮೇಲ್ಗಡೆ ದೊಡ್ಡ ಕಾಫಿ ಎಸ್ಟೇಟು. ಚಳಿಗಾಲದಲ್ಲಿ ಹಣ್ಣು ಕಿತ್ತು, ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಲೋಳೆಯನ್ನು ತೊಳೆಯುತ್ತಾರೆ. ಆ ತೊಳೆದ ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ, ತಿಳಿ ಮಾಡಿ, ಆಮೇಲೆ ಬಿಡಬೇಕು ಅಂತ ಕಾನೂನು ಇದೆಯಂತೆ. ಇವರು ಪೈಪು ಹಾಕಿ ನೇರ ಹೊಳೆಗೆ ಬಿಡುತ್ತಿದ್ದರು. ಎರಡು ತಿಂಗಳು ಹೊಳೆ ಕಪ್ಪು. ಮೀನು ಬೆಳ್ಳಗೆ ತೇಲುತ್ತವೆ. ಮಿಂದರೆ ಮೈ ಕೆರೆತ, ಕುಡಿದರೆ ಹೊಟ್ಟೆನೋವು. ಹಾಡಿಗೆ ನಲ್ಲಿ ಇಲ್ಲ, ಬಾವಿ ಇಲ್ಲ. ದಡದ ಮರಳು ತೋಡಿ ಒರತೆ ನೀರು ತೆಗೆದರೂ ಅದರಲ್ಲೂ ಅದೇ ಹುಳಿ. ಹೇಳುತ್ತಾ ಅವಳು ತಾಯಿಯ ತೋಳಿನ ಸೆರಗು ಸರಿಸಿ ತೋರಿಸಿದಳು. ಮೊಣಕೈವರೆಗೂ ಕೆರೆದು ಕೆರೆದು ಚರ್ಮ ಮರದ ತೊಗಟೆಯ ಹಾಗಾಗಿತ್ತು.

ಕೇಸು ಹಾಕಿ ವರ್ಷವಾಗಿತ್ತು. ಸರ್ಕಾರದ ಕಡೆಯಿಂದ ಯಾರೋ ಬಂದು ನೀರು ತೆಗೆದುಕೊಂಡು ಹೋಗಿದ್ದರು, ಆದರೆ ಆಷಾಢದಲ್ಲಿ. ಆಗ ಯಂತ್ರಕ್ಕೆ ತಾಡಪಾಲು ಹೊದಿಸಿ ಇಟ್ಟಿರುತ್ತಾರೆ. ಹೊಳೆ ತುಂಬಿ ಹರಿಯುತ್ತಿರುತ್ತದೆ. ನೀರು ಶುದ್ಧವಾಗಿದೆ ಅಂತ ವರದಿ ಬಂತು. ಎಸ್ಟೇಟಿನವರು ಕೋರ್ಟಿಗೆ ಬರೆದುಕೊಟ್ಟರು: ಈ ಜನ ಸುಳ್ಳು ಹೇಳುತ್ತಿದ್ದಾರೆ, ಹೊಳೆಯನ್ನು ಕೊಳಕು ಮಾಡುವವರು ಇವರೇ. ಅದಕ್ಕೇ ಲಾಯರಮ್ಮ ಹೇಳಿಕೊಟ್ಟ ಹಾಗೆ ಹೊಳೆ ಕಪ್ಪಾಗಿರುವಾಗಲೇ, ಪಂಚಾಯ್ತಿಯವರು, ಒಬ್ಬರು ಡಾಕ್ಟರು, ಇನ್ನಿಬ್ಬರ ಎದುರಿಗೆ ನೀರು ತುಂಬಿಸಿ ಮುದ್ರೆ ಹಾಕಿಸಿದ್ದರು. ಅವರೆಲ್ಲರನ್ನೂ ಒಂದೇ ದಿನ ಹೊಳೆಯ ದಡಕ್ಕೆ ತರುವುದಕ್ಕೆ ಮೂರು ವಾರ ಓಡಾಡಿದ್ದರು. ಹಬ್ಬದ ಮಾರನೆಯ ದಿನ ಅದನ್ನು ಪರೀಕ್ಷೆಗೆ ಕೊಡಬೇಕು, ಆ ವಾರವೇ ಕೇಸು ಬರುತ್ತದೆ. ತಿಂಗಳ ಕೊನೆಗೆ ಎಸ್ಟೇಟಿನಲ್ಲಿ ಹಣ್ಣು ಮುಗಿಯುತ್ತದೆ, ಯಂತ್ರ ನಿಲ್ಲುತ್ತದೆ, ಹೊಳೆ ತಿಳಿಯಾಗುತ್ತದೆ. ಆಮೇಲೆ ತೋರಿಸುವುದಕ್ಕೇ ಏನೂ ಇರುವುದಿಲ್ಲ, ಮುಂದಿನ ಚಳಿಗಾಲದವರೆಗೆ.

"ಒಡೀಬಾರ್ದು ಅಂತ ಒಂದು ಮಾತು ಹೇಳಬಾರ್ದಿತ್ತಾ?" ಅಂದೆ. ಅಳು ಬಂದಿತ್ತು ನನಗೆ.

"ಆ ನೀರನ್ನ ಯಾರಾದ್ರೂ ತೆಗೀತಾರೆ ಅಂತ ನಮಗೆ ಹೊಳೀಲೇ ಇಲ್ಲ ಅಕ್ಕಾ."

ಅಜ್ಜಿ ಅಂಗೈಯನ್ನು ಗೋಡೆಗೆ ಒರೆಸುತ್ತಾ ಕೇಳಿದಳು. ಅವಳದು ಎಲ್ಲರಿಗೂ ಏಕವಚನವೇ. "ನೀನು ಕುಡಿದೆಯಾ?"

"ಕುಡಿದೆ."

"ನುಂಗಿದೆಯಾ?"

"ಹೂಂ."

ಅಜ್ಜಿ ನಕ್ಕಳು. ಎಲೆಅಡಿಕೆಯ ಕೆಂಪು ಹಲ್ಲು ಪೂರ್ತಿ ಕಾಣುವ ಹಾಗೆ. "ನಮ್ಮ ಹೊಳೇನ ದೇವರ ಪಕ್ಕ ಕೂರಿಸಿದೋಳು ನೀನೊಬ್ಳೇ. ಬಿಡವ್ವಾ, ನಿನ್ನ ದೇವ್ರಿಗೂ ಮೈ ಕೆರೆತ ಹತ್ತಿದ್ರೆ ಅವನೇ ಬಂದು ಸಾಕ್ಷಿ ಹೇಳ್ತಾನೆ."

"ಸುಮ್ಕಿರವ್ವಾ, ನಗೋ ಹೊತ್ತಾ ಇದು!" ಅಂತ ಮಗಳು ಗದರಿದಳು.

ಕೆಳಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ. ಕ್ಯಾನು ತಿರುಗಿಸಿ ತಿರುಗಿಸಿ ನೋಡಿದರು, ಕಾರ್ಖಾನೆಯಲ್ಲಿ ಪಾರ್ಸಲ್ ನೋಡುವ ಹಾಗೆ. "ಇಷ್ಟೇನಾ? ಅರಗು ನಮ್ಮ ಸ್ಟೋರ್ಸಲ್ಲಿ ಕಡ್ಡಿಗಟ್ಟಲೆ ಬಿದ್ದಿದೆ. ದಾರ ಹೊಸೆದು, ಇದೇ ತುಂಡುಗಳನ್ನ ಕರಗಿಸಿ ಮೇಲೆ ಬಿಟ್ಟು, ಒಂಚೂರು ಒರಟಾಗಿ ಒತ್ತಿದ್ರೆ ಆಯ್ತು. ಮುದ್ರೆ ಸರಿಯಾಗಿ ಕೂತಿಲ್ಲ ಅಂದ್ಕೊತಾರೆ. ಎಷ್ಟು ಪಾರ್ಸಲ್ ಹಾಗೆ ಹೋಗಿಲ್ಲ ನನ್ನ ಕೈಯಿಂದ? ನೀರಂತೂ ಅದೇ ತಾನೆ?"

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮಗಳು, "ಅಣ್ಣ ಹೇಳೋದು ಸರಿ ಅನ್ಸತ್ತೆ ಅಕ್ಕಾ" ಅಂದಳು.

ಅದು ತಪ್ಪು ಅಂತ ನನಗೆ ತಟ್ಟನೆ ಹೊಳೆಯಿತು ಅಂತ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ಅರಗಿನ ಚೂರುಗಳನ್ನು ನೆಲದಿಂದ ಆರಿಸಿ ಅಂಗೈಯಲ್ಲಿಟ್ಟುಕೊಂಡೆ, ದೇವರ ಗೂಡಿನಿಂದ ಬೆಂಕಿಪೊಟ್ಟಣವನ್ನೂ ತೆಗೆದೆ. ನನ್ನ ತಪ್ಪು ಯಾರಿಗೂ ಗೊತ್ತಾಗದೆ ಮುಚ್ಚಿಹೋಗುತ್ತದಲ್ಲ, ಇದೂ ಒಂದು ಉಪಕಾರವೇ ಅಂತ ಆಗಲೇ ಬೆರಳು ಮಡಿಸಲು ಹೊರಟಿದ್ದೆ.

ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಅಲ್ಲಿಂದಲೇ ಕೇಳಿದಳು, ಮಗಳನ್ನು.

"ಎಸ್ಟೇಟಿನೋರು ನಮ್ಮನ್ನ ಸುಳ್ಳರು ಅಂತ ಕೋರ್ಟಿಗೆ ಬರ್ದವ್ರೆ ಅಂದ್ಯಲ್ಲ?"

"ಹೂಂ. ಬರ್ದವ್ರೆ."

"ಇವತ್ತಿನವರೆಗೆ ಅದು ಸುಳ್ಳು."

ಅಷ್ಟು ಹೇಳಿ ಎಲೆಅಡಿಕೆ ಉಗಿಯಲು ಎದ್ದು ಹೋದಳು. ಯಜಮಾನರು ಕ್ಯಾನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನಾನು ಬೆಂಕಿಪೊಟ್ಟಣವನ್ನು ಮತ್ತೆ ದೇವರ ಮುಂದಿಟ್ಟೆ.

ಸಂಜೆ ಲಾಯರಮ್ಮ ಬಂದಳು. ಚೀಲ ಹೆಗಲಿನಿಂದ ಇಳಿಸುವುದಕ್ಕೂ ಬಿಡದೆ ಎಲ್ಲ ಹೇಳಿಬಿಟ್ಟೆ. ಅವಳು ನಮ್ಮ ಮೆಟ್ಟಿಲ ಮೇಲೆ ಕೂತಳು.

"ಫ್ರಿಜ್ಜಲ್ಲಿ ಇಡಿ ಅಂತ ಹೇಳಿದ್ನಲ್ಲ ಆಂಟಿ?"

"ಫ್ರಿಜ್ಜಲ್ಲಿ ನಿನ್ನೆ ಸಾಂಬಾರ್ ಇತ್ತಮ್ಮ."

"ಸಾಂಬಾರ್," ಅಂದಳು ಅವಳು. ಚೀಲ ಪಕ್ಕಕ್ಕಿಟ್ಟು ಇನ್ನೊಂದು ಸಲ, "ಸಾಂಬಾರ್" ಅಂದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಮುಖ ಒರೆಸಿಕೊಂಡು ಎದ್ದಳು. "ತಪ್ಪು ನಂದೂ ಇದೆ. ಸರಿಯಾಗಿ ಹೇಳಬೇಕಿತ್ತು. ಈಗ ಮುಚ್ಚಿಟ್ರೆ ಇಡೀ ಕೇಸು ಮುಳುಗುತ್ತೆ. ನೀವೇ ಅಫಿಡವಿಟ್ಟು ಕೊಡಬೇಕು. ಆದದ್ದು ಆದ ಹಾಗೆ."

"ಕೋರ್ಟಲ್ಲಿ ನಾನೇನಮ್ಮಾ ಹೇಳ್ಲಿ?"

"ನಂಗೆ ಹೇಳಿದ್ದೇ."

ಮಾರನೆಯ ದಿನ ಮೇಯೋ ಹಾಲ್ ಕೋರ್ಟಿನ ಹತ್ತಿರ ಟೈಪಿಸ್ಟುಗಳು ಕೂರುವ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿಯವರೆಗೆ ಆ ದಾರಿಯಲ್ಲಿ ಹೋಗಿದ್ದದ್ದು ಸೀರೆ ಅಂಗಡಿಗೆ ಮಾತ್ರ. ಮರದ ಕೆಳಗೆ ಕನ್ನಡಕ ಮೂಗಿನ ತುದಿಗಿಳಿಸಿದ ಒಬ್ಬರು ಟೈಪಿಸ್ಟು. ಲಾಯರಮ್ಮ ನನ್ನ ಮಾತನ್ನು ಇಂಗ್ಲಿಷ್ ಮಾಡಿ ಹೇಳುತ್ತಿದ್ದಳು, ಅವರು ಬಡಿಯುತ್ತಿದ್ದರು. ಮಧ್ಯದಲ್ಲಿ ಕೈ ನಿಲ್ಲಿಸಿ ಕೇಳಿದರು, "ಮೇಡಂ, ಸಾಂಬಾರ್ ಅಂತಾನೂ ಹಾಕ್ಬೇಕಾ?"

"ಹಾಕಿ."

"ಈರುಳ್ಳಿ ಸಾಂಬಾರ್ ಅಂತ?"

"ಈರುಳ್ಳಿ ಸಾಂಬಾರ್ ಅಂತಾನೇ ಹಾಕಿ ಸಾರ್. ಇಲ್ದಿದ್ರೆ ಯಾಕೆ ಫ್ರಿಜ್ಜಿಂದ ತೆಗೆದ್ರು ಅಂತ ಅವರಿಗೆ ಗೊತ್ತಾಗಲ್ಲ."

"ಮೂವತ್ತು ವರ್ಷದಿಂದ ಬಡೀತಾ ಇದೀನಿ," ಅಂದರು ಅವರು, "ಸಾಂಬಾರ್ ಇದೇ ಮೊದಲು."

ಸಹಿ ಹಾಕುವ ಮುಂಚೆ, ಇದರಲ್ಲಿರುವುದೆಲ್ಲ ನಿಜ ಅಂತ ಪ್ರಮಾಣ ಮಾಡಿಸಿದರು. ದೇವರ ಮುಂದೆ ದಿನಾ ನಿಲ್ಲುವವಳು ನಾನು. ಆದರೂ ಅಲ್ಲಿ ಪೆನ್ನು ಹಿಡಿದುಕೊಂಡು ಲಾಯರಮ್ಮನಿಂದ ಇನ್ನೊಂದು ಸಲ ಪೂರ್ತಿ ಓದಿಸಿದೆ. ದೇವರ ಹತ್ತಿರ ಒಂದಿಷ್ಟು ಹೇಳಿ ಒಂದಿಷ್ಟು ಬಿಟ್ಟರೂ ನಡೆಯುತ್ತದೆ, ಅವನಿಗೆ ಗೊತ್ತಿರುತ್ತದೆ. ಕಾಗದಕ್ಕೆ ಗೊತ್ತಿರುವುದಿಲ್ಲ.

ಕೇಸಿನ ದಿನ ನಾನು, ಅಜ್ಜಿ, ಮಗಳು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತೆವು. ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಎಸ್ಟೇಟಿನ ಕಡೆಯ ವಕೀಲರು ನನ್ನ ಅಫಿಡವಿಟ್ಟನ್ನು ಎತ್ತಿ ಹಿಡಿದು ಓದಿದರು. ಸಾಂಬಾರ್ ಬಂದಾಗ ಕೆಲವರು ನಕ್ಕರು. ತೀರ್ಥ ಬಂದಾಗ 'ಹೋಲಿ ವಾಟರ್' ಅಂದದ್ದು ನನಗೂ ತಿಳಿಯಿತು, ಇನ್ನೂ ಜೋರಾಗಿ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಜ್ಜಿ ನನ್ನ ಮೊಣಕೈ ತಿವಿದು ಪಿಸುಗುಟ್ಟಿದಳು, "ಯಾಕವ್ವಾ ನಗ್ತವ್ರೆ?" ಆಮೇಲೆ ಹೇಳ್ತೀನಿ ಅಂದೆ.

ನ್ಯಾಯಾಧೀಶರು ನಗಲಿಲ್ಲ. ಲಾಯರಮ್ಮನನ್ನು ಏನೋ ಕೇಳಿದರು. ಅವಳು ತಿರುಗಿ ನನ್ನ ಕಡೆ ಕೈ ತೋರಿಸಿದಳು. ಎದ್ದು ನಿಂತೆ.

ಅವರು ಕನ್ನಡದಲ್ಲೇ ಕೇಳಿದರು. "ಏನಮ್ಮಾ, ನುಂಗಿಬಿಟ್ರಾ?"

"ಹೌದು ಸ್ವಾಮಿ. ತೀರ್ಥ ಅಂದ್ಕೊಂಡಿದ್ದೆ. ಉಗಿಯೋ ಹಾಗಿರಲಿಲ್ಲ."

"ಆಮೇಲೆ?"

"ಎರಡು ದಿನ ಹೊಟ್ಟೆ ಕೆಟ್ಟಿತ್ತು. ಈಗ ಪರವಾಗಿಲ್ಲ."

ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಆಂಟಿ, ಒಂದು ಮಾತು ಹೆಚ್ಚಿಗೆ ಬೇಡ, ಅಂತ ಲಾಯರಮ್ಮ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದಳು. ಬಾಯಿ ತಡೆಯಲಿಲ್ಲ. "ನಾನು ಒಂದು ಉದ್ಧರಣೆ ಕುಡಿದದ್ದು ಸ್ವಾಮಿ. ಇವರು ದಿನಾ ಕೊಡ ತುಂಬ್ಕೊಂಡು ಹೋಗಿ ಕುಡೀತಾರೆ" ಅಂದುಬಿಟ್ಟೆ.

ಎಸ್ಟೇಟಿನ ವಕೀಲರು ಎದ್ದು ಆಕ್ಷೇಪಣೆ ಮಾಡಿದರು. ನನ್ನನ್ನು ಕೂರಿಸಿದರು. ಮತ್ತೆ ಇಂಗ್ಲಿಷ್.

ಹೊರಗೆ ಜಗಲಿಯಲ್ಲಿ ಲಾಯರಮ್ಮ ಹೇಳಿದಳು. ಕ್ಯಾನಿನ ನೀರನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಕ್ಕೆ ಆಗುವುದಿಲ್ಲ ಅಂತ ನ್ಯಾಯಾಧೀಶರು ಖಡಾಖಂಡಿತವಾಗಿ ಹೇಳಿದರಂತೆ. ಆಮೇಲೆ ಎಸ್ಟೇಟಿನ ವಕೀಲರನ್ನು ಕೇಳಿದರಂತೆ: ಹೊಳೆ ಶುದ್ಧವಾಗಿದೆ ಅಂತೀರಿ, ಹಾಗಾದರೆ ಈಗಲೇ ಹೋಗಿ ನೋಡುವುದಕ್ಕೆ ನಿಮ್ಮ ಅಡ್ಡಿ ಏನು? ತನ್ನ ತಪ್ಪನ್ನು ತಾನೇ ಬರೆದುಕೊಟ್ಟವರ ಮಾತನ್ನು ಸುಳ್ಳು ಅಂತ ಹೇಗೆ ತಳ್ಳಿಹಾಕಲಿ? ಕೋರ್ಟಿನ ಕಡೆಯಿಂದಲೇ ಒಬ್ಬ ವಕೀಲರು, ನೀರು ಪರೀಕ್ಷೆ ಮಾಡುವವರನ್ನು ಜೊತೆಗೆ ಕರೆದುಕೊಂಡು, ಹಣ್ಣು ಮುಗಿಯುವುದರೊಳಗೆ, ಮುಂಚಿತವಾಗಿ ತಿಳಿಸದೆ ಹೋಗಬೇಕು ಅಂತ ಆದೇಶವಾಗಿತ್ತು.

ಮಗಳು ನನ್ನ ಕೈ ಹಿಡಿದುಕೊಂಡಳು. ಅಜ್ಜಿ ಮಾತ್ರ, "ಈಗ ಹೇಳು, ಯಾಕೆ ನಕ್ರು?" ಅಂದಳು. ಹೇಳಿದೆ. "ಸಾಂಬಾರಿಗಾ!" ಅಂತ ಅವಳೂ ನಕ್ಕಳು, ಕಂಬಕ್ಕೆ ಒರಗಿಕೊಂಡು.

ಕೋರ್ಟು ಕಳಿಸಿದವರು ಹೋದರು, ನೋಡಿದರು. ಪೈಪು ಕಂಡಿತು, ನೀರು ಕಂಡಿತು. ಎಸ್ಟೇಟಿನವರು ಗುಂಡಿಗಳನ್ನು ಕಟ್ಟಬೇಕು, ಅವು ಮುಗಿಯುವವರೆಗೆ ಯಂತ್ರ ಓಡಿಸಬಾರದು, ಹಾಡಿಗೆ ತಮ್ಮ ಖರ್ಚಿನಲ್ಲಿ ಕುಡಿಯುವ ನೀರು ಕೊಡಬೇಕು ಅಂತ ಆಯಿತು. ಇಷ್ಟು ವರ್ಷ ಕೆಡಿಸಿದ್ದಕ್ಕೆ ಪರಿಹಾರ ಏನು ಅನ್ನುವುದು ಮಾತ್ರ ಮುಂದಕ್ಕೆ ಹೋಯಿತು, ಹೋಗುತ್ತಲೇ ಇತ್ತು. ಬೇರೆ ಬೇರೆ ನ್ಯಾಯಾಧೀಶರು ಬಂದರು. ಲಾಯರಮ್ಮ ಮದುವೆಯಾಗಿ ಇಂದಿರಾನಗರಕ್ಕೆ ಹೋದಳು, ಕೇಸನ್ನು ಬಿಡಲಿಲ್ಲ. ಕೇಸು ಹಾಕಿದ ಮನೆಗಳವರಿಗೆ ಎಸ್ಟೇಟಿನಲ್ಲಿ ಎರಡು ವರ್ಷ ಕೆಲಸ ಕೊಡಲಿಲ್ಲ ಅಂತ ಅವಳೇ ಹೇಳಿದ್ದು. ಆದೇಶದಲ್ಲಿ ಅದಕ್ಕೆ ಏನೂ ಇರಲಿಲ್ಲ.

ನಾನು ಕಾಫಿ ಬಿಡಲಿಲ್ಲ. ಹಲಸೂರು ಮಾರ್ಕೆಟ್ಟಿನ ಹತ್ತಿರದ ಅಂಗಡಿಯಲ್ಲಿ ಬೀಜ ಪುಡಿ ಮಾಡಿಸಿ, ಬಿಸಿಬಿಸಿ ಪೊಟ್ಟಣವನ್ನು ಎದೆಗೊತ್ತಿಕೊಂಡು ಮನೆಗೆ ಬರುವುದು ಎಷ್ಟೋ ವರ್ಷಗಳ ಅಭ್ಯಾಸ. ಆದರೆ ಬೀಜ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಅಲ್ಲಿಯವರೆಗೆ ಒಂದು ದಿನವೂ ಯೋಚಿಸಿರಲಿಲ್ಲ. ಅಜ್ಜಿ ಲೋಟದೊಳಗೆ ಇಣುಕಿ ನೋಡಿದ್ದು ಯಾಕೆ ಅಂತ ಈಗ ಗೊತ್ತು. ನಲ್ಲಿಯಲ್ಲಿ ಬರುವ ಕಾವೇರಿಯಲ್ಲೂ ಆ ಹೊಳೆ ಎಲ್ಲೋ ಬೆರೆತೇ ಇರುತ್ತದೆ. ನಮಗೆ ಯಾರೋ ದಾರಿಯಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ. ಮೊದಲು ಕುಡಿಯುವವರಿಗೆ ಮಾಡಿಕೊಡುವವರಿರಲಿಲ್ಲ. ನೀರು ಬಂತು, ಒಂದು, ಅಂತ ಎಣಿಸುವಾಗ ಬೆರಳು ಈಗ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ.

ಐದಾರು ವರ್ಷ ಕಳೆದು, ಹೊಸ ಶತಮಾನ ಬಂದ ಮೇಲೆ, ಒಂದು ಜನವರಿಯ ಸಂಜೆ ಆ ಮಗಳು ಒಬ್ಬಳೇ ಬಂದಳು. ಅಜ್ಜಿಗೆ ಕಾಲು ಬರುತ್ತಿಲ್ಲ, ಬಸ್ಸು ಹತ್ತಲಾರಳು, ಬಾಯಿ ಮಾತ್ರ ಹಾಗೇ ಇದೆ ಅಂದಳು. ಸೆರಗಿನೊಳಗೆ ಅಂಥದ್ದೇ ಬಿಳಿ ಕ್ಯಾನು, ದಾರ, ಕೆಂಪು ಅರಗು. ಗುಂಡಿ ಕಟ್ಟಿದ್ದಾರೆ, ಆದರೆ ಹಣ್ಣು ಹೆಚ್ಚು ಬಂದ ವರ್ಷ ತುಂಬಿ ಹೊಳೆಗೆ ಹರಿಯುತ್ತದೆ. ಆದೇಶ ಸರಿಯಾಗಿ ಪಾಲಿಸುತ್ತಿಲ್ಲ ಅಂತ ಮತ್ತೆ ಕೋರ್ಟಿಗೆ ಹೇಳಬೇಕು. ಈ ಸಲ ಕೋರ್ಟು ನೇಮಿಸಿದವರೇ ಮುದ್ರೆ ಹಾಕಿ ಕೊಟ್ಟಿದ್ದರು. ಬೆಳಿಗ್ಗೆ ಪರೀಕ್ಷೆಗೆ ಕೊಡಬೇಕು. ಇಂದಿರಾನಗರದಲ್ಲಿ ಅಷ್ಟು ದೊಡ್ಡ ಮನೆ ಇದ್ದೂ ಲಾಯರಮ್ಮ ಇವಳನ್ನು ನನ್ನ ಹತ್ತಿರವೇ ಕಳಿಸಿದ್ದಳು.

"ಅವ್ವ ಹೇಳಿ ಕಳಿಸವ್ಳೆ," ಅಂದಳು ಮಗಳು. "ಆಯಮ್ಮನ ದೇವ್ರು ಹೇಗವ್ನೆ, ಮೈ ಕೆರೆತ ವಾಸಿ ಆಯ್ತಾ ಕೇಳ್ಕೊಂಡು ಬಾ ಅಂತ."

ಫ್ರಿಜ್ಜು ತೆಗೆದೆ. ಮಧ್ಯದ ಅರೆಯಲ್ಲಿ ನಿನ್ನೆಯ ಸಾಂಬಾರು. ತೆಗೆದು ಆಚೆ ಇಡೋಣ ಅಂತ ಕೈ ಹೋಯಿತು. ಯಾಕೋ ಬೇಡ ಅನ್ನಿಸಿತು. ಪಾತ್ರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕ್ಯಾನನ್ನು ಅದಕ್ಕೆ ತಾಗಿಸಿಯೇ ಇಟ್ಟೆ. ಕುಂಕುಮ ಇಡಲಿಲ್ಲ. ಊಟದ ಹೊತ್ತಿಗೆ ಯಜಮಾನರು ಮಜ್ಜಿಗೆಗೆ ಅಂತ ಬಾಗಿಲು ತೆಗೆದಾಗ, "ರೀ, ಅದನ್ನ ಮುಟ್ಟಬೇಡಿ!" ಅಂತ ನಾನು ಕೂಗಿದ ಕೂಗಿಗೆ ಅವರು ಮಜ್ಜಿಗೆಯನ್ನೇ ಬಿಟ್ಟು ಬಂದರು.

ಬೆಳಿಗ್ಗೆ ಅರಗು ಇಟ್ಟ ಹಾಗೇ ಇತ್ತು. ಇಬ್ಬರೂ ಆಟೋದಲ್ಲಿ ಹೋಗಿ ಕೊಟ್ಟು ಬಂದೆವು. ವಾರದ ಮೇಲೆ ಲಾಯರಮ್ಮ ಫೋನ್ ಮಾಡಿದಳು. ನೀರು ಹಿಂದಿಗಿಂತ ಚೆನ್ನಾಗಿದೆಯಂತೆ, ಇರಬೇಕಾದಷ್ಟು ಚೆನ್ನಾಗಿಲ್ಲವಂತೆ. ಕೇಸು ಮುಂದುವರಿಯುತ್ತದೆ ಅಂದಳು. ಆ ಸಂಜೆ ದೀಪ ಹಚ್ಚಿ, ಹಿಂದಿಗಿಂತ ಚೆನ್ನಾಗಿದೆ ಅನ್ನುವುದಕ್ಕೆ ಒಂದು ಗೆಣ್ಣು ಎಣಿಸಿದೆ. ಇನ್ನೊಂದನ್ನು ಹಾಗೇ ಬಿಟ್ಟೆ.